ಎರಡು ಬೆರಳ ಜಾಗ

ರಬಕವಿಯ ಈ ಓಣ್ಯಾಗ
ಗ್ವಾಡಿ ಆಚೆ ಎಂಟು ಪಾವರ್‌ಲೂಮು, ಈಚೆ ನಾಕು.
ಖಟಪಟ ಖಟಪಟ ಅನ್ನೂವಾಗ
ತೋಳ ತಲಿಗಿಂಬು ಮಾಡಿ
ಬೀಮಿನ ಮಗ್ಗಲಕ್ಕ ಸತ್ತಂಗ ಮಲಗತಿದ್ದೆ.
ಅವ್ವ ಅಂತಿದ್ಳು, ಇವನ ಮ್ಯಾಲೆ ಟ್ರ್ಯಾಕ್ಟರ್ ಹಾಯಿಸಿದರೂ
ಮಗ್ಗಲ ಬದಲಸಂಗಿಲ್ಲ.

ಈಗ ಹತ್ತೊಂಬತ್ತು ದಿನ.
ಮೂರು ಕಂಡಿಕಿ ಉದ್ದದ ಕೂಸು.
ಅಳತೈತಿ. ಅಳಲಿ ಬಿಡ್ರಿ,
ಅಳೂದಂದರ ಮಗ್ಗ ನಡದೈತಿ ಅಂತ.
ನನ್ನ ಎಬ್ಬಸೂದು ಅಳು ಅಲ್ಲ,
ಅದು ಸುಮ್ಮನಾಗೂದು.

ಹನ್ನೆರಡನೇ ವರ್ಷಕ್ಕ ಅಪ್ಪ ಕಲಿಸಿದ್ದು ಒಂದ ಮಾತು:
ಸಪ್ಪಳ ಕೇಳಬ್ಯಾಡ, ಸಪ್ಪಳ ತಪ್ಪಿದ್ದು ಕೇಳು.
ಒಂದು ಎಳಿ ಹರದರ, ಲಾಳಿ ಒಂಚೂರು ತಡದರ
ಮೊದಲ ಕಿವಿಗೆ ಗೊತ್ತಾಗಬೇಕು, ಆಮ್ಯಾಲ ಕಣ್ಣಿಗೆ.
ಆ ಕಿವಿ ಈಗ ತೊಟ್ಟಲದ ಕಡೆ ತಿರುಗಿ ಕುಂತೈತಿ.
ಮುಚ್ಚಬೇಕಂದರ ರೆಪ್ಪಿ ಇಲ್ಲ ಅದಕ್ಕ.

ಉಸಿರು ಒಳಗ, ಉಸಿರು ಹೊರಗ,
ನಡುವ ಒಂದು ತಡಿ,
ಎದ್ದ ಬಿಡತೀನಿ.
ಮೂಗಿನ ಕೆಳಗ ಬೆರಳು ಹಿಡಿತೀನಿ.
ಬೆಚ್ಚಗ ತಾಗತೈತಿ. ಮಲಗತೀನಿ.
ಮತ್ತ ಏಳತೀನಿ.

"ಕೂಸಿನ ನಿದ್ದಿ ಕೆಡಿಸಬ್ಯಾಡ್ರಿ" ಅಂತಾಳ
ಕತ್ತಲದಾಗಿಂದ ದಾನೇಶ್ವರಿ, "ಈಗ ಕಣ್ಣ ಮುಚ್ಚೈತಿ."
ತವರಿನಾಗ ಅಕಿಗೆ ಅವ್ವ ಇಲ್ಲ,
ಬಾಣಂತನ ನಮ್ಮಲ್ಲೇ, ಇದೊಂದ ಖೋಲ್ಯಾಗ,
ಅಜವಾನದ ಹೊಗಿ, ಬೂದಿ ಮುಚ್ಚಿದ ಕೆಂಡ.
ಅಕಿ ಹೊಲಿಗಿ ಇನ್ನೂ ಹಸಿ ಐತಿ.
ಅಕಿ ಮುಂದ ನಿಂತು ನನಗ ನಿದ್ದಿಲ್ಲ ಅನ್ನೂದು
ಯಾವ ಮಾರಿಯಿಂದ?
ವಾರಕ್ಕೊಮ್ಮೆ ದವಾಖಾನಿ ಅಕ್ಕ ಬರತಾಳ,
ಹಾಲು, ಜ್ವರ, ಊಟ, ನಿದ್ದಿ,
ಎಲ್ಲಾ ಅಕಿಗೆ ಕೇಳಿ ಪುಸ್ತಕದಾಗ ಬರಕೋತಾಳ.
ನಾ ಕುರ್ಚಿ ತಂದು ಇಡತೀನಿ,
ಹೋಗೂವಾಗ ಎತ್ತಿ ಇಡತೀನಿ.

ಐದನೇ ರಾತ್ರಿ ಶೆಟಿಗೆವ್ವ ಬರತಾಳಂತ
ಅವ್ವ ಹಾಳಿ, ಪೆನ್ನು, ದೀಪ ಇಟ್ಟಿದ್ಳು.
ಕೂಸಿನ ಹಣಿ ಬರಿಯೂವಾಗ ಯಾರೂ ನೋಡಬಾರದಂತ.
ನಾ ಕಣ್ಣು ಮುಚ್ಚಿದ್ದೆ, ನಿದ್ದಿ ಮಾಡಿರಲಿಲ್ಲ.
ಸಣ್ಣ ಖೋಲಿ, ನನ್ನ ಕಾಲು ಎಡವಿರಬೇಕು ಅಕಿ,
ಸಿಟ್ಟಿಗೆ ನನ್ನ ಹಣಿಗೂ ಒಂದು ಸಾಲು ಗೀಚಿ ಹೋದ್ಳೇನೋ.

ಮೊನ್ನೆ ರಾತ್ರಿ ಎರಡಕ್ಕ ಕರೆಂಟ್ ಹೋತು.
ಊರ ಮಗ್ಗ ಅಷ್ಟೂ ಒಮ್ಮೆಲೆ ನಿಂತವು.
ನಾಯಿ ಸೈತ ಬೊಗಳಲಿಲ್ಲ.
ಬನೀನ ಮ್ಯಾಲೆ ಬಾಗಲಕ್ಕ ಬಂದ್ರು ಗಂಡಸರು,
ಒಬ್ಬೊಬ್ಬರಾಗಿ, ಇಡೀ ಓಣಿ.
ಯಾಕ ಎದ್ದಿ ಅಂತ ಯಾರೂ ಯಾರಿಗೂ ಕೇಳಲಿಲ್ಲ.
ದಸ್ತಗೀರ ಬೀಡಿ ಹಚ್ಚಿದ. ಅವನ ಮಗಳಿಗೆ ಎಂಟು ತಿಂಗಳು.
"ನಿನಗೂ?" ಅಂದ.
"ಹೂಂ."
ಬೀಡಿ ಅರ್ಧ ಸೇದಿ ನನ್ನ ಕೈಗೆ ಕೊಟ್ಟ.

ಮರುದಿನ ಹಗಲ ಪಾಳಿ.
ಬಂತು ನೋಡ್ರಿ ಆಗ, ಬರಬಾರದ ಜಾಗಕ್ಕ,
ಖಟಪಟದ ನಡುವ, ನಿಂತ ಕಾಲ ಮ್ಯಾಲೆ,
ಕೆನಿಗಟ್ಟಿದ ಹಾಲಿನಂಥ ನಿದ್ದಿ.
ಎಷ್ಟು ಹೊತ್ತೋ ನನಗ ತಿಳೀಲಿಲ್ಲ,
ಸೀರಿ ಹೇಳಿತು: ಎರಡು ಬೆರಳು.
ಹೊಕ್ಕಿಲ್ಲದ ಬರೇ ಹಾಸು, ಬದನಿಕಾಯಿ ಬಣ್ಣದ್ದು.
ಮಾಲಕ ಬೆಳಕಿಗೆ ಹಿಡಿದ. ಅದರಾಗಿಂದ ನನ್ನ ನೋಡಿದ.
ಪಗಾರದಾಗ ರೊಕ್ಕ ಮುರಕೊಂಡು
ಸೀರಿ ನನ್ನ ಹೆಗಲಿಗೆ ಒಗದ.

ಅವ್ವ ಅದನ್ನ ಜಂತಿಗೆ ಜೋಳಿಗಿ ಕಟ್ಟಿದ್ಳು.
ಖೊಟ್ಟಿ ಜಾಗ ಒಳಗ ಮಡಚಿದ್ದಳು,
ಕೂಸು ಒದ್ದು ಒದ್ದು ಹೊರಗ ತಂದಾನ.
ಎಳಿಗಳ ನಡುವ ಒಂದು ಕಾಲ್ಬೆರಳು ಇಣಕತೈತಿ,
ಉಗುರು ರಾಗಿಕಾಳಿನಷ್ಟ.
ಈಗ ಮೂಗಿನ ತನಕ ಕೈ ಒಯ್ಯೂದು ಬ್ಯಾಡ.
ಮೂರರ ಕತ್ತಲದಾಗ ಕುಂತು ಅದನ್ನ ಮುಟ್ಟತೀನಿ.
ಒಳಗ ಸರಿತೈತಿ.
ಹೊಳ್ಳಿ ಬರತೈತಿ.
ಒಳಗ ಸರಿತೈತಿ.

ತಡೀರಿ,
ಬರಲಿ.