ಬೆಸುಗೆಯ ಹನಿ

ಏಪ್ರಿಲ್. ಗಾಳಿಗೆ ಇನ್ನೂ ಚಳಿಗಾಲದ ಹಲ್ಲು.
ದೋಣಿಯ ಹೊಟ್ಟೆಗೆ ಇಳಿಯುವ ಮೊದಲು
ಹಲಗೆ ತೆಗೆದಿಟ್ಟು ನಾಲ್ಕು ನಿಮಿಷ ಕಾಯುತ್ತೇನೆ.
ಪೆಟ್ರೋಲಿನ ಆವಿ ಹೊಗೆಯ ಹಾಗೆ ಮೇಲೇಳುವುದಿಲ್ಲ,
ತಳ ಹುಡುಕಿಕೊಂಡು ಇಳಿದು
ಅಣ್ಣತಮ್ಮಂದಿರ ಮುನಿಸಿನ ಹಾಗೆ ಮಲಗಿರುತ್ತದೆ.
ಒಂದು ಕಿಡಿ ಸಾಕು.

ಈ ನಾಲ್ಕು ನಿಮಿಷ ಕಲಿಸಿದವಳು
ಸೋದರತ್ತೆ, ಸಿಬೆಲ್ಲಾ ಫ್ಲೆಟ್.
ಆರ್ಕ್ನಿಯ ಈ ದಂಡೆಯಲ್ಲಿ ಗಂಡಸರ ನಡುವೆ ಒಬ್ಬಳೇ
ಲಾಬ್‌ಸ್ಟರ್ ಬುಟ್ಟಿ ಎತ್ತಿದವಳು.
ಹಚ್ಚದ ಸಿಗರೇಟು ತುಟಿಯಲ್ಲಿಟ್ಟು
ಗಡಿಯಾರ ನೋಡದೆ ನಾಲ್ಕು ಎಣಿಸುತ್ತಿದ್ದಳು.

ದೋಣಿಯ ಹೆಸರು ಪೆಟ್ರೆಲ್, ಬಿರುಗಾಳಿಯ ಹಕ್ಕಿ.
ಊರಿನವರ ಬಾಯಲ್ಲಿ ಪೆಟ್ರೋಲ್.
ಅಷ್ಟು ಕುಡಿಯುತ್ತಿತ್ತು.
ಪೆಟ್ರೋಲಿನಲ್ಲಿ ಎದ್ದು, ಮೈ ಬಿಸಿಯಾದ ಮೇಲೆ
ಸೀಮೆಎಣ್ಣೆಯಲ್ಲಿ ದುಡಿಯುವ ಎಂಜಿನ್;
ಗ್ಲಾಸ್ಗೋದ ಎರಕ, ನನಗಿಂತ ಹನ್ನೊಂದು ವರ್ಷ ಹಿರಿದು.
"ಕಿತ್ತು ಬಿಸಾಕು, ಕರೆಂಟಿನ ಮೋಟರು ಹಾಕು,"
ತಂಗಿಯ ಗಂಡ ಎರ್ಲೆಂಡ್ ಪ್ರತಿ ಭಾನುವಾರ ಹೇಳುತ್ತಾನೆ.
ಪ್ರತಿ ಭಾನುವಾರ ನಾನು ಅವನಿಗೆ ಇನ್ನೊಂದು ಆಲೂಗಡ್ಡೆ ಬಡಿಸುತ್ತೇನೆ.

ಕಾರ್ಬುರೇಟರ್ ಕಳಚಲು ಎರಡು ನಟ್ಟು, ಒಂದು ಬೈಗುಳ.
ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಿನಲ್ಲೇ
ಕೇಕಿನ ತಟ್ಟೆಯ ಹನ್ನೆರಡು ಗುಳಿಗಳಲ್ಲಿ ಇಡುತ್ತೇನೆ:
ಸ್ಪ್ರಿಂಗು, ಸೂಜಿ, ಜೆಟ್ಟು, ಚರ್ಮದ ವಾಷರು.
ಹದಿಮೂರನೆಯ ಸ್ಕ್ರೂ ತುಟಿಗಳ ನಡುವೆ.
ಬಟ್ಟಲಿನ ತಳದಲ್ಲಿ ಹೋದ ವರ್ಷದ ಎಣ್ಣೆ
ಕಂದಿದ ಬೆಲ್ಲದ ಪಾಕ.

ಜೆಟ್ಟಿನ ತೂತು ಸಾಸಿವೆಯೂ ತೂರದಷ್ಟು ಸಣ್ಣದು.
ಬೆಳಕಿಗೆ ಹಿಡಿದರೆ ಹಗಲಿನ ಒಂದು ಚುಕ್ಕಿ ಕಾಣಬೇಕು.
ಕಾಣಲಿಲ್ಲ.
ತಂತಿ ಚುಚ್ಚಬೇಡ, ಅನ್ನುತ್ತಿದ್ದಳು ಅತ್ತೆ,
ತೂತು ಹಿಗ್ಗಿದರೆ ಹಸಿವೂ ಹಿಗ್ಗುತ್ತದೆ.
ಸ್ಕ್ರೂ ಉಗಿದು ಊದಿದೆ. ಇನ್ನೊಮ್ಮೆ ಊದಿದೆ.
ಬಾಯೆಲ್ಲ ಹಿತ್ತಾಳೆ.
ಚುಕ್ಕಿ ಮೂಡಿತು.

ಆಮೇಲೆ ಫ್ಲೋಟು.
ಎಣ್ಣೆಯ ಮೇಲೆ ತೇಲುತ್ತ, ಮಟ್ಟ ಏರಿದಾಗ
ಸೂಜಿಯನ್ನು ಒತ್ತಿ "ಸಾಕು" ಅನ್ನಬೇಕಾದ್ದು.
ಅದರ ಕೆನ್ನೆಗೆ ಒಂದು ಬೆಸುಗೆ,
ದಪ್ಪ, ಬೂದು, ಮೇಣದಬತ್ತಿ ಅತ್ತ ಹಾಗೆ.
ಒಂದು ತೂತಿಗೆ ಹತ್ತು ತೂತಿನ ಸೀಸ.
ಆ ಭಾರಕ್ಕೆ ಅದು ಸದಾ ಒಂದು ನೂಲು ಕೆಳಗೆ,
ಅದರ "ಸಾಕು" ಸದಾ ಒಂದು ಗುಟುಕು ತಡ.
ಅದಕ್ಕೇ ಆ ಕಪ್ಪು ಹೊಗೆ, ಮಸಿ ಮೆತ್ತಿದ ಪ್ಲಗ್ಗು,
ಅಂಗಡಿಯ ಸಾಲದ ಪುಸ್ತಕದಲ್ಲಿ
ಸಿಬೆಲ್ಲಾ ಫ್ಲೆಟ್ ಹೆಸರಿಗೆ ಬೇರೆಯೇ ಹಾಳೆ.

ಅವಳ ಸಾಮಾನಿನ ಪೆಟ್ಟಿಗೆಯ ಅಡಿಯಲ್ಲಿ,
ಗ್ರೀಸು ಕಾಗದದಲ್ಲಿ, ಹೊಸ ಫ್ಲೋಟು.
ರಸೀದಿ: ಜೂನ್ ಮೂರು, ಎಪ್ಪತ್ತನಾಲ್ಕನೆಯ ಇಸವಿ.
ದಾರದ ಗಂಟು ಬಿಚ್ಚಿರಲಿಲ್ಲ.
ಮರೆತಿದ್ದಳೇ?
ಅವಳು ಒಂದು ಮೊಳೆಯನ್ನೂ ಮರೆತವಳಲ್ಲ.

ಹೊಸದನ್ನೇ ಹಾಕಿದೆ.
ಮೂರನೆಯ ತಿರುವಿಗೆ ಎದ್ದ ಎಂಜಿನ್
ಕೆಮ್ಮಲಿಲ್ಲ, ಕಾರಲಿಲ್ಲ;
ಹಿಂದೆ ಹೊಗೆಯಿಲ್ಲ, ನೀರು, ಬರೀ ನೀರು.
ಕಟ್ಟೆಗೆ ತಂದು ಹಗ್ಗ ಎಸೆದಾಗ
ಬೆಂಚಿನ ಮೇಲೆ ಮ್ಯಾನ್ಸಿ ರೆಂಡಾಲ್.
ಕಣ್ಣು ಹೋಗಿ ಒಂಬತ್ತು ವರ್ಷ; ಆದರೂ ಬರುವ ದೋಣಿಯನ್ನೆಲ್ಲ
ತಿರುವಿನಲ್ಲೇ ಹೆಸರು ಹಿಡಿದು ಕರೆಯುವವನು.
"ಯಾರದ್ದು?" ಎಂದ. "ಹೊಸಬರೇ?"

ಪೆಟ್ರೆಲ್ ಎಂದೆ.
ಮೂಗನ್ನು ಗಾಳಿಗೆ ಒಡ್ಡಿದ, ತುಂಬ ಹೊತ್ತು.
ಉಪ್ಪು, ಪಾಚಿ, ಮೀನು.
"ಫ್ಲೋಟು ಬದಲಿಸಿದೆಯಾ?"
ಹೂಂ.
"ಎಪ್ಪತ್ತಮೂರರ ಚಳಿಗಾಲ. ಅವಳ ಅಡುಗೆಮನೆಯ ಒಲೆಯ ಮೇಲೆ.
ಕೈ ನಡುಗುತ್ತಿತ್ತು. ಚಳಿಗೆ ಅಂದೆ."
ನಗಲಿಲ್ಲ. "ನಿಂತಿತ್ತಾ ಬೆಸುಗೆ?"

ಜೇಬಿನಲ್ಲಿತ್ತು, ತೆಗೆದು ಅವನ ಅಂಗೈಗಿಟ್ಟೆ.
ಹೆಬ್ಬೆರಳು ಆ ಗಡ್ಡೆಯನ್ನು ಹುಡುಕಿ, ಸಿಕ್ಕಿ, ನಿಂತಿತು.
ಐವತ್ತು ವರ್ಷದ ಎಣ್ಣೆಯ ಲೆಕ್ಕ ನನ್ನ ನಾಲಿಗೆಯ ತುದಿಯಲ್ಲಿತ್ತು.
ನಿಂತಿತ್ತು ಎಂದೆ. ಒಂದು ಹನಿಯೂ ಸೋರಿರಲಿಲ್ಲ.

ಎಂಜಿನ್ ಆರಿಸಲು ಬಗ್ಗಿದೆ.
"ಇರಲಿ," ಎಂದ ಮ್ಯಾನ್ಸಿ,
"ಸ್ವಲ್ಪ ಹೊತ್ತು ಹಾಗೇ ಇರಲಿ."