ಮೊದಲ ಹಿಡಿ

ಬೆಟಗೇರಿ ಬಸ್ ಸ್ಟ್ಯಾಂಡಿನ ಹಿಂದ ನಮ್ಮ ಗಿರಣಿ.
ಅಪ್ಪ ಜಕರಿಯಪ್ಪ ಹಾಕಿದ್ದು, ಈಗ ನಾ ನಡಸ್ತೀನಿ.
ಮುಂಜಾನೆ ಎಂಟಕ್ಕ ಪಟ್ಟಾ ಏರಿಸಿದ್ರ
ಕರೆಂಟ್ ಹೋಗೂತನಕ ಮಾತು ಕೇಳಸೂದಿಲ್ಲ.
ಎಲ್ಲಾ ಕೈಸನ್ನಿಯೊಳಗ:
ಒಂದು ಬೆರಳಂದ್ರ ಸಣ್ಣಗ, ಎರಡಂದ್ರ ತರಿತರಿ.

ಒಂದು ಮಾತೈತಿ,
ಗಿರಣಿಯವರು ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ.
ಎಷ್ಟು ಬಡದರೂ, ಎಷ್ಟು ಜಾಡಿಸಿದರೂ
ಎರಡು ಕಲ್ಲಿನ ನಡುವ ಒಂದು ಹಿಡಿ ಉಳೀತೈತಿ.
ನಿಮ್ಮ ಡಬ್ಬಿಗೆ ಮೊದಲು ಬೀಳೂದು
ನಿಮಗಿಂತ ಮುಂಚೆ ಬಂದವರ ಜ್ವಾಳ.
ನಿಮ್ಮ ಕಡೀ ಹಿಡಿ
ಹಿಂದ ನಿಂತವರ ಮನೀಗೆ ಹೋಗತೈತಿ.

ಪಾಳಿ ಹಚ್ಚಿದ್ದು ನೋಡ್ರಿ:
ನೇಕಾರ ಓಣಿ ಶಂಕ್ರವ್ವನ ಹಿತ್ತಾಳಿ ಡಬ್ಬಿ,
ಪೀರಾಂಬಿಯ ಎಣ್ಣಿ ಡಬ್ಬಾ, ಮುಚ್ಚಳ ಬ್ಯಾರೆದರದು,
ಮುನಸಿಪಾಲ್ಟಿ ಕಸಾ ಹೊಡಿಯೋ ಹುಲಿಗೆವ್ವನ
ಗೊಬ್ಬರದ ಚೀಲ, ತೊಳದೂ ತೊಳದೂ ಅಕ್ಷರ ಹೋದದ್ದು.

ಶಂಕ್ರವ್ವ ಬಂದಕೂಡ್ಲೇ ಕೇಳತಾಳ,
"ಮುಂಚೆ ಯಾರದು ಹಾಕಿದ್ದಿ?"
ಜ್ವಾಳಕ್ಕ ಗೋದಿ ಕೂಡತೈತಂತ ಅಲ್ಲ ಆ ಪ್ರಶ್ನಿ.
ಅಕಿಗೂ ಗೊತ್ತು. ನನಗೂ ಗೊತ್ತು.
ಮೂಲಿಯೊಳಗ ಚೀಲದ ಬಾಯಿ ಕಟಗೋತ ಕುಂತ
ಹುಲಿಗೆವ್ವಗೂ ಗೊತ್ತು.
ಆ ಹೊತ್ತಿಗೇ ಗ್ವಾಡಿ ಮ್ಯಾಗಿನ ಡಬ್ಬಿ ಒದರತೈತಿ,
"ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ."
ಆ ಮೂವತ್ತು ಯಾರ ಕೈಯಾಂದಂತ ಯಾರೂ ಕೇಳೂದಿಲ್ಲ.

"ಗಿರಣಿ ಬರೇ ತಿರುಗಿಸೀನಿ, ಸ್ವಚ್ಛ ಐತಿ" ಅಂತೀನಿ.
ಸುಳ್ಳು.
ಅಪ್ಪನೂ ಹಿಂಗ ಹೇಳತಿದ್ದ, ಆಮ್ಯಾಲ ಕೆಮ್ಮತಿದ್ದ.
ಅಪ್ಪನ ಅಪ್ಪ, ಇನ್ನೂ ಯೋಹಾನಪ್ಪ ಆಗದಾಗ,
ಊರ ಗಿರಣಿಗೆ ಕಡೀ ಪಾಳಿಯವ.
ದೀಪ ಹಚ್ಚಿದ ಮ್ಯಾಲ ಅವನ ಜ್ವಾಳ,
ಅದಾದ ಮ್ಯಾಲ ಕಲ್ಲು ಮಡಿಯಾಗಲಿ ಅಂತ ಒಂದು ಸೇರು ತೌಡು.
ತೌಡಿನ ರೊಕ್ಕಾನೂ ಅವನೇ ಕೊಡಬೇಕು.

ಐತವಾರ ಗುಡಿಯೊಳಗ ಕುಂತಾಗ
ರೆಪ್ಪಿಯೊಳಗ ಇನ್ನೂ ಹಿಟ್ಟಿರತೈತಿ.
ಪಾದ್ರಿ ಪ್ರಸನ್ನಕುಮಾರ ಅಯ್ಯನವರು ಓದತಾರ
ದಾರಿಯೊಳಗ ಬಡಿಸಿಕೊಂಡು ಬಿದ್ದವನ ಕಥಿ,
ಕಂಡೂ ಕಾಣದಂಗ ದಾಟಿದ ದೊಡ್ಡವರ ಕಥಿ,
ಕತ್ತಿ ಮ್ಯಾಲ ಹೇರಿಕೊಂಡು ಹೋದ ಹೊರಗಿನವನ ಕಥಿ.
"ನಿನ್ನ ನೆರೆಯವ ಯಾರು?" ಅಂತಾರ.
ಬೆಂಚಿನ ಮ್ಯಾಲ ಎಲ್ಲಾರೂ ಸಮಾರ್ಯದವರಾಗೇ ಕುಂತಿರತೀವಿ,
ದಾಟಿ ಹೋದವರು ಒಬ್ಬರೂ ಬಂದಿರೂದಿಲ್ಲ.
ನಾ ಶನಿವಾರದ ಪಾಳಿ ಲೆಕ್ಕಾ ಹಾಕತೀನಿ:
ಪೀರಾಂಬಿ ಹಿಂದ ಯಾರು, ಅವರ ಹಿಂದ ಯಾರು.
ನೆರೆಯವ ಅಂದ್ರ ಗ್ವಾಡಿ ಆಚೀಗಿನವ ಅಲ್ಲ;
ನಿನಗಿಂತ ಮುಂಚೆ ಬೀಸಿಸಿಕೊಂಡು ಹೋದವ,
ಇವತ್ತು ರಾತ್ರಿ ನಿನ್ನ ಹೊಟ್ಟ್ಯಾಗ ಮಲಗೋವ.

ತಿಂಗಳ ಮೊದಲ ಐತವಾರ ಮುರಿಯೋ ರೊಟ್ಟಿಗೆ
ನಮ್ಮ ಗಿರಣಿಯದೇ ಹಿಟ್ಟು.
ಅದಕ್ಕ ಮುಂಚೆ ಯಾರದು ಹಾಕಿದ್ದೆ,
ಇನ್ನೂ ಯಾರೂ ಕೇಳಿಲ್ಲ.

ಮೊನ್ನೆ ಗುರುವಾರ
ಶಂಕ್ರವ್ವ ಬಾಯಿ ತಗಿಯೂದಕ್ಕೂ
ಕರೆಂಟ್ ಹೋಗೂದಕ್ಕೂ ಸರಿಹೋತು.
ದಿನಾ ಗದ್ದಲದೊಳಗ ಮುಚ್ಚಿಹೋಗತಿದ್ದ ಪ್ರಶ್ನಿ
ಬರೇ ಮೈಯಲ್ಲಿ ನಡುವ ನಿಂತಿತು.
"ಮುಂಚೆ ಯಾರದು?"
"ಹುಲಿಗೆವ್ವಂದು" ಅಂದೆ.
ಧೈರ್ಯ ಅಲ್ಲ. ಸುಳ್ಳು ಹೇಳಾಕ ಸಪ್ಪಳ ಬೇಕು.

"ಹಂಗಾರ ಬರೇ ತಿರುಗಸು."
"ಕರೆಂಟಿಲ್ಲ, ಹ್ಯಾಂಗ ತಿರುಗಸ್ಲಿ?"
ಹುಲಿಗೆವ್ವನೇ ಮೊದಲು ನಕ್ಕಳು.
ನಲವತ್ತು ನಿಮಿಷ. ಇರೂದೊಂದೇ ಹಲಗಿ.
ಮೊಣಕಾಲು ನೋಯೋ ಇಬ್ಬರೂ ಅದರ ಎರಡು ತುದಿಗೆ,
ನಡುವ ಹಿತ್ತಾಳಿ ಡಬ್ಬಿ.

ಕರೆಂಟ್ ಬಂತು. ಜ್ವಾಳ ಸುರಿವಿದೆ.
ಶಂಕ್ರವ್ವ ಎದ್ದು ಬಂದು ಬಾಯಿಗೆ ಅಂಗೈ ಒಡ್ಡಿದಳು,
ಮೊದಲ ಹಿಡಿ ಡಬ್ಬಿಗೆ ಬೀಳಗೊಡಲಿಲ್ಲ.
ಬಾಗಿಲದಾಗ ನಿಂತಳು.
ಹೊರಗ ಗಟಾರ. ಹಿಟ್ಟು ಚೆಲ್ಲೂದು ಪಾಪ.
ಬಿಸಿ ಇತ್ತದು, ಕಲ್ಲಿನೊಳಗಿಂದ ಬಂದದ್ದು,
ಯಾರದಾದ್ರೂ ಅಷ್ಟೇ ಬಿಸಿ ಇರತೈತಿ.
ಅಕಿ ಗಟಾರ ನೋಡಿದಳು, ಅಂಗೈ ನೋಡಿದಳು.

ಪಟ್ಟಾ ಜಾರಾಕ ಹತ್ತಿತ್ತು, ನಾ ಆ ಕಡೆ ತಿರುಗಿದೆ.
ತಿರುಗಿ ನೋಡೂದ್ರಾಗ
ಕೈ ಖಾಲಿ ಇತ್ತು, ಡಬ್ಬಿಗೆ ಮುಚ್ಚಳ ಬಿದ್ದಿತ್ತು.