ಏರಿದ ನೀರಿನ ಗುರುತು

ಬನಹಟ್ಟಿಯೊಳಗ ಕರೆಂಟ್ ಹೋತಂದ್ರ
ಮೊದಲು ಕೇಳೂದು ಕಿವಿಯೊಳಗಿನ ಸೀಟಿ.
ಹದಿನಾರು ಮಗ್ಗ ಒಮ್ಮೆಲೇ ನಿಂತು
ಲಾಳಿ ಅರ್ಧ ಹಾದ್ಯಾಗ ಸಿಕ್ಕೊಂಡು
ಓಣಿಯ ನಾಯಿಗೂ ತನ್ನ ದನಿ ತನಗ ಕೇಳಿ
ಗಾಬರಿ ಆಗತೈತಿ.
ನಾನು ಜಾಬರ್, ಮಗ್ಗ ರಿಪೇರಿ ಮಾಡಾವ.
ಎಡಗಿವಿ ಶೆಡ್ಡಿಗೆ ಬರಕೊಟ್ಟು ಹನ್ನೊಂದು ವರ್ಷ.
ಬಲಗಿವಿಗೆ ಬಿದ್ದದ್ದಷ್ಟ ಹೇಳತೀನಿ.

ಕಾಡೇಶ ಅಂದ:
ಪಬ್ಲಿಕ್ ಎನಿಮಿ. ಎಂಬತ್ತೇಳರಿಂದ ತೊಂಬತ್ತೊಂದು.
ಮುಂದ ಮಾತ ಇಲ್ಲ.
ಇಮ್ತಿಯಾಜ ಬೀಮಿನ ಮ್ಯಾಲೆ ಕುಂತು ನಕ್ಕ:
ತೊಂಬತ್ಮೂರು ಬರಲಿ ತಡಿ, ವು-ಟ್ಯಾಂಗ್ ಬರಲಿ,
ಒಂಬತ್ತು ಮಂದಿ, ಒಬ್ಬೊಬ್ಬಂದು ಒಂದೊಂದು ಚಾಕು.

ಒಂಬತ್ತು ಮಂದಿ ಅಂದ್ರ ಅದು ಮೇಳ ಅಲ್ಲಲೇ,
ಬೀಗರ ಟೆಂಪೋ.
ಮತ್ತ ಒಬ್ಬೊಬ್ಬನ ಬ್ಯಾರೆ ಹೋಗಿ ಹಾಡಿದ್ದು
ಯಾರ ಖಾತೆಗೆ ಹಚ್ಚತಿ?

ಇದಕ್ಕ ಅರ್ಧ ತಾಸು ಹೋತು.
ಮಾಲಕನ ನೂಲು, ಮಾಲಕನ ಮಗ್ಗ,
ನೇಯ್ದ ಕೈ ನಂದು, ಸೀರಿ ಯಾರದು?
ಇಮ್ತಿಯಾಜ ಕೇಳಿದ ಪ್ರಶ್ನೆ ಇದು,
ಶೆಡ್ಡಿನೊಳಗ ಕೇಳಬಾರದ್ದು.
ಮಾಲಕರ ಅಣ್ಣನ ಮಗ ಬಾಗಲಾಗ ಕುಂತಿದ್ದ.
ಮೊಬೈಲಿನ ಬೆಳಕಿನ್ಯಾಗ ಮಾರಿ ತೂರಿಸಿ
ಕೇಳದಂಗ ಮಾಡಿದ.

ಇವರು ಕಲಿತದ್ದು ಮಿರಜ ಸ್ಟೇಷನ್ನಿನ ಹೊರಗ
ಮೂವತ್ತು ರೂಪಾಯಿಗೆ ತುಂಬಿಸಿಕೊಂಡ
ಒಂದು ಮೆಮೊರಿ ಕಾರ್ಡಿನಿಂದ.
ಹಾಡಿಗೆ ಹೆಸರಿಲ್ಲ. ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು.
ಅರ್ಥ ಬರೂದಕ್ಕ ಮೂರು ವರ್ಷ ಹಿಡೀತು.
ಏಟು ಮಾತ್ರ ಅವತ್ತ ಬಂತು,
ಯಾಕಂದ್ರ ಅದು ಇವರು ಹುಟ್ಟಿದಾಗಿಂದ
ತೊಟ್ಟಿಲಿನ ಹಿಂದಿನ ಗ್ವಾಡಿಯಾಚೆ ಬಡೀತಿತ್ತು.

ಔಟ್‌ಕಾಸ್ಟ್, ಅಂದೆ ನಾನು ನಡುವ ಬಾಯಿ ಹಾಕಿ.
ಕೇಳಿ ಕೇಳಿ ನನಗೂ ರುಚಿ ಹತ್ತೈತಿ.
ಇಬ್ಬರ ಇಬ್ಬರು, ಹತ್ತು ವರ್ಷ,
ಒಂದ ಬೀಮು, ಎಳಿ ಹರಿಯಲಿಲ್ಲ.
"ಕಾಕಾ, ಬಾಳಿಕಿ ಬ್ಯಾರೆ, ಏರು ಬ್ಯಾರೆ,"
ಅಂದ ಕಾಡೇಶ. "ಹೊಳಿ ವರ್ಷಪೂರ್ತಿ ಇರತೈತಿ.
ಗುಡಿಯ ಕಂಬಕ್ಕ ಕೆಂಪು ಗೆರಿ ಎಳದದ್ದು
ಆ ಎರಡು ದಿನದ್ದು."

ದುಂಡವ್ವ ಕತ್ತಲಾಗೂ ಕೈಲೆ ಕಂಡಿಕಿ ಸುತ್ತತಿದ್ದಳು.
"ಗೆರಿ ಎಳದಾವ ಯಾರು? ನೀರ ಎಳದಿತ್ತೇನು?"
ಯಾರೂ ಉತ್ತರ ಕೊಡಲಿಲ್ಲ.
"ನಮ್ಮ ತವರಾಗ ಹರದೇಶಿ-ನಾಗೇಶಿ ಜಿದ್ದಿಗೆ ಬಿದ್ರ
ಗೆದ್ದವರು ಯಾರಂತ ಹಾಡಿದವರು ಹೇಳತಿರಲಿಲ್ಲ.
ಕೋಳಿ ಕೂಗಿದ ಮ್ಯಾಲೂ
ಮಲಗಿದ ಕೂಸು ಹೆಗಲಿಗೆ ಹಾಕ್ಕೊಂಡು ಏಳದ
ಎಷ್ಟು ಮಂದಿ ಹೆಂಗಸರು ಕುಂತಾರ,
ಅದನ್ನ ಎಣಸತಿದ್ರು."

ಹುಡುಗರು ಸುಮ್ಮನಾದ್ರು. ಎಣಸತಿದ್ರು ಅನಸ್ತೈತಿ:
ಎರಡು ವರ್ಷದ ಹಿಂದಿನ ಗಣಪತಿ ಮಂಟಪ,
ಹನ್ನೊಂದು ನಿಮಿಷ, ಒಂದ ಮೈಕು, ಮೂರು ಮಂದಿ.
ಮೂರನೆಯಾವ ಸದಾಶಿವ.
ಕೊನೀ ಸಾಲು ಯಾರು ಹೇಳಬೇಕು ಅನ್ನೂದಕ್ಕ
ಮಾತು ಬಿಟ್ಟಾವ.
ಈಗ ಹಿಂದಿನ ಓಣಿಯ ಬಣ್ಣದ ಮನಿಯಾಗ
ಮೊಣಕೈ ತನಕ ನೀಲಿ.

ಅವನ ಹೆಸರು ಯಾರೂ ತಗೀಲಿಲ್ಲ.
ಆದ್ರೂ ಬಂದ, ಲಡಿ ಒಪ್ಪಿಸಲಿಕ್ಕೆ.
ಹೆಗಲಿನಿಂದ ಇಳಿಸಿದ, ಎಣಿಸಿದ,
ಮಾಲಕರ ಹುಡುಗನ ಕಡಿಂದ ಸಹಿ ತಗೊಂಡ.
ಹೊಸ್ತಿಲ ದಾಟೂ ಮುಂದ, ಹೊಳ್ಳಿ ನೋಡದ, ಅಂದ:
"ಡೇ ಲಾ ಸೋಲ್ ಬಿಟ್ಟೀರಿ."

ಸೈಕಲ್ ಸ್ಟ್ಯಾಂಡ್ ಎತ್ತಿದ ಸಪ್ಪಳ.
"ಎಂಬತ್ತೊಂಬತ್ತು," ಅಂದ ಕಾಡೇಶ
ಬಹಳ ಹೊತ್ತಿನ ಮ್ಯಾಲೆ, ಯಾರಿಗೂ ಅಲ್ಲ.
"ಹೌದಲ್ಲೋ," ಅಂದ ಇಮ್ತಿಯಾಜ.
"ಹೆಂಗ ಬಿಟ್ವಿ?"

ದುಂಡವ್ವ ಹೊಸ ಲಡಿಗೆ ಕೈ ಹಚ್ಚಿ ನೋಡಿ
ಬೆರಳು ಸೆರಗಿಗೆ ಒರಸಿಕೊಂಡ್ಲು.
"ಇನ್ನೂ ಹಸಿ ಐತಿ," ಅಂದ್ಲು,
"ಇವತ್ತ ಸುತ್ತಾಕ ಬರಂಗಿಲ್ಲ."